ಫೆಲೋಶಿಪ್‌ಗೆ ಮಕ್ಕಳಷ್ಟೇ ಅಲ್ಲ, ಮನೆಯೂ ಸಿದ್ಧವಾಗಬೇಕು

ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಆ ಮೇಲೆ ಕೆಜಿಎಫ್ ಮತ್ತು ಬಂಗಾರಪೇಟೆಯ ಬಹಳಷ್ಟು ಮಕ್ಕಳ ಓದು, ನೌಕರಿ ಎರಡೂ ಬೆಂಗಳೂರಿನ ರೈಲನ್ನೇ ನಂಬಿಕೊಂಡಿವೆ. ಇಲ್ಲಿನ ಜೈನ ವ್ಯಾಪಾರಿ ಕುಟುಂಬಗಳ ಮಕ್ಕಳೂ ಅದೇ ರೈಲಿನಲ್ಲಿದ್ದಾರೆ. ಅಲ್ಲಿಂದ ಮುಂದೆ ವಿದೇಶಕ್ಕೆ ಓದಲು ಹೊರಡುವ ಮಾತು ಬಂದರೆ ಮನೆಯಲ್ಲಿ ಮೂರು ಪ್ರಶ್ನೆ ಏಳುತ್ತವೆ: ಹಣ ಎಲ್ಲಿಂದ, ಊಟ ಹೇಗೆ, ಮಗು ವಾಪಸ್ ಬರುತ್ತದೆಯೇ?

ಮೊದಲು ಹಣ. 2014ರ ಜನವರಿಯಲ್ಲಿ ಜೈನರಿಗೆ ರಾಷ್ಟ್ರೀಯ ಅಲ್ಪಸಂಖ್ಯಾತ ಮಾನ್ಯತೆ ಸಿಕ್ಕಿತು. ಅದರಿಂದ ವಿದೇಶಿ ವ್ಯಾಸಂಗದ ಸಾಲಕ್ಕೆ ಬಡ್ಡಿ ನೆರವು ಕೊಡುವ 'ಪಢೋ ಪರದೇಶ್' ಯೋಜನೆಯ ಬಾಗಿಲೂ ತೆರೆಯಿತು. ಆದರೆ 2022-23ರಿಂದ ಕೇಂದ್ರ ಸರ್ಕಾರ ಅದನ್ನು ನಿಲ್ಲಿಸಿತು. ಸಂಶೋಧನಾ ವಿದ್ಯಾರ್ಥಿಗಳ ಮೌಲಾನಾ ಆಜಾದ್ ಫೆಲೋಶಿಪ್ ಕೂಡ ಅದೇ ವರ್ಷ ನಿಂತಿತು. ಹಾಗಾಗಿ ಸಾಲ ಮಾಡದೆ ಹೋಗುವ ದಾರಿ ಎಂದರೆ ಸ್ಪರ್ಧೆಯಲ್ಲಿ ಗೆಲ್ಲುವ ಫೆಲೋಶಿಪ್.

ಇಲ್ಲಿ ಅಂಕ ಒಂದೇ ಸಾಲದು. ಬ್ರಿಟನ್ನಿನ ಚೀವ್ನಿಂಗ್‌ಗೆ ಸುಮಾರು ಎರಡು ವರ್ಷಕ್ಕೆ ಸಮನಾದ 2,800 ಗಂಟೆ ಕೆಲಸದ ಅನುಭವ ಬೇಕು. ಅಮೆರಿಕದ ಫುಲ್‌ಬ್ರೈಟ್-ನೆಹರೂ ಸ್ನಾತಕೋತ್ತರ ಫೆಲೋಶಿಪ್‌ಗೆ ಮೂರು ವರ್ಷದ ಅನುಭವ ಕೇಳುತ್ತಾರೆ. ಚೀವ್ನಿಂಗ್ ಸ್ವಯಂಸೇವೆಯ ಗಂಟೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಸಂಘದ ಕೆಲಸದಲ್ಲಿ ದುಡಿದ ಯುವಕ ಯುವತಿಯರಿಗೆ ದಿನಾಂಕ, ಗಂಟೆ ನಮೂದಿಸಿದ ಪತ್ರವನ್ನು ಸಂಘಗಳು ಆಗಲೇ ಕೊಡಬೇಕು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಇನ್ನೊಂದು ತೊಡಕು ಹೆಸರಿನದು. ಒಂದು ದಾಖಲೆಯಲ್ಲಿ ಗೋತ್ರದ ಹೆಸರು, ಇನ್ನೊಂದರಲ್ಲಿ 'ಜೈನ್' ಎಂದಿದ್ದರೆ ಪಾಸ್‌ಪೋರ್ಟ್, ವೀಸಾ ಹಂತದಲ್ಲಿ ಓಡಾಟ ತಪ್ಪದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಮುಂಚೆಯೇ ಇದನ್ನು ಸರಿಪಡಿಸಿಕೊಳ್ಳುವುದು ಜಾಣತನ.

ಊಟದ ಪ್ರಶ್ನೆ ಸಣ್ಣದಲ್ಲ. ಡಿಸೆಂಬರ್‌ನಲ್ಲಿ ಲಂಡನ್‌ನಲ್ಲಿ ಸಂಜೆ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಜೂನ್‌ನಲ್ಲಿ ರಾತ್ರಿ ಒಂಬತ್ತು ದಾಟುತ್ತದೆ. ರಾತ್ರಿಭೋಜನ ಬಿಟ್ಟವರು ಮಧ್ಯಾಹ್ನವೇ ಡಬ್ಬಿ ಮುಗಿಸಬೇಕು. ಅಮೆರಿಕದಲ್ಲಿ ತರಗತಿ ಶುರುವಾಗುವ ಹೊತ್ತಿಗೇ ಪರ್ಯೂಷಣ ಬರುತ್ತದೆ. ಅಡುಗೆ ಕಲಿಯುವುದೂ ತಯಾರಿಯ ಭಾಗ, ಗಂಡುಮಕ್ಕಳಿಗೂ. ಲೆಸ್ಟರ್‌ನ ಜೈನ ಕೇಂದ್ರ, ನ್ಯೂಜೆರ್ಸಿಯ ಸಿದ್ಧಾಚಲಂ, 1981ರಲ್ಲಿ ಆರಂಭವಾದ ಉತ್ತರ ಅಮೆರಿಕದ ಒಕ್ಕೂಟ 'ಜೈನಾ' ಮುಂತಾದವನ್ನು ಹೊರಡುವ ಮೊದಲೇ ಸಂಪರ್ಕಿಸಬಹುದು.

ವಾಪಸ್ ಬರುವ ಭಯಕ್ಕೆ ಫೆಲೋಶಿಪ್‌ನಲ್ಲೇ ಉತ್ತರವಿದೆ. ಚೀವ್ನಿಂಗ್ ಪಡೆದವರು ಓದು ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿರಬೇಕು. ಫುಲ್‌ಬ್ರೈಟ್‌ಗೂ ಇಂಥದೇ ನಿಯಮ. ಸಾಲ ಮಾಡಿ ಹೋದವರಿಗೆ ಆ ಸಾಲ ತೀರಿಸಲೆಂದೇ ಅಲ್ಲಿ ಉಳಿಯುವ ಒತ್ತಡ ಇರುತ್ತದೆ. ಮನೆಯವರು ಈ ವ್ಯತ್ಯಾಸ ತಿಳಿಯಬೇಕು, ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಹೆಚ್ಚಾಗಿ.

ನಮ್ಮ ನಾಡಿನಲ್ಲೇ ಒಂದು ಉದಾಹರಣೆ ಇದೆ. ಮೂಡುಬಿದಿರೆ ಬಳಿಯ ನೆಲ್ಲಿಕಾರಿನಲ್ಲಿ 1923ರಲ್ಲಿ ಹುಟ್ಟಿದ ಪದ್ಮನಾಭ ಜೈನಿ, ಕಾರಂಜಾ ಗುರುಕುಲದಲ್ಲಿ ಓದಿ, ಪಾಲಿ ಕಲಿಯಲು ಶ್ರೀಲಂಕಾಕ್ಕೆ ಹೋದರು. 1951ರಲ್ಲಿ ತ್ರಿಪಿಟಕಾಚಾರ್ಯರಾದರು. ಮುಂದೆ ಕಾಶಿ, ಲಂಡನ್, ಮಿಷಿಗನ್, ಬರ್ಕ್ಲಿಯಲ್ಲಿ ಪಾಠ ಹೇಳಿದರು. 1979ರಲ್ಲಿ ಅವರು ಬರೆದ ಜೈನ ಧರ್ಮದ ಇಂಗ್ಲಿಷ್ ಗ್ರಂಥ ಇಂದಿಗೂ ವಿಶ್ವವಿದ್ಯಾಲಯಗಳಲ್ಲಿ ಓದಿಗಿದೆ. ಅವರು ಊರಿಗೆ ಮರಳಿ ನೆಲೆಸಲಿಲ್ಲ ನಿಜ. ಆದರೆ ಊರಿನ ಧರ್ಮವನ್ನು ಲೋಕಕ್ಕೆ ತಿಳಿಸಿದರು.

ಚಾತುರ್ಮಾಸದ ಖರ್ಚಿಗೆ ಕೈ ಬಿಚ್ಚುವ ನಮ್ಮ ಸಮಾಜ, ವರ್ಷಕ್ಕೆ ಒಬ್ಬ ವಿದ್ಯಾರ್ಥಿಯ ಅರ್ಜಿ ಶುಲ್ಕ, ಇಂಗ್ಲಿಷ್ ಪರೀಕ್ಷೆ, ವೀಸಾ ಓಡಾಟದ ಖರ್ಚನ್ನು ಬಡ್ಡಿಯಿಲ್ಲದೆ ಕೊಟ್ಟರೂ ಸಾಕು. ನಾಲ್ಕು ದಾನಗಳಲ್ಲಿ ಶಾಸ್ತ್ರದಾನವೂ ಒಂದು ಎಂಬುದನ್ನು ಮರೆಯದಿರೋಣ.

ಜೈ ಜಿನೇಂದ್ರ.