ಹಿಮದ ಮೇಲೆ ಹಿಂದಿನ ಗಾಲಿ

ಮಿನ್ನೆಸೋಟದಲ್ಲಿ ಮೊದಲ ಹಿಮ ಬಿದ್ದ ಮರುದಿನ ಬೆಳಿಗ್ಗೆ ಯಾವ ಅಪಾರ್ಟ್‌ಮೆಂಟಿನ ಮುಂದೆ ನಿಂತರೂ ಒಂದು ಸದ್ದು ಕೇಳುತ್ತದೆ. ನಿಂತಲ್ಲೇ ಗಿರ್ರನೆ ತಿರುಗುವ ಟೈರಿನ ಸದ್ದು. ಒಳಗೆ ಕೂತವರು ಆಕ್ಸಿಲರೇಟರ್ ಇನ್ನಷ್ಟು ಒತ್ತುತ್ತಾರೆ, ಸದ್ದು ಏರುತ್ತದೆ, ಕಾರು ಕದಲುವುದಿಲ್ಲ. ಇಳಿದು ಹಿಂದಿನ ಗಾಲಿಯ ಬುಡ ನೋಡಿದರೆ, ಹತ್ತಿಯಂತೆ ಬಿದ್ದಿದ್ದ ಹಿಮ ಟೈರಿನ ಬಿಸಿಗೆ ಕರಗಿ, ಮತ್ತೆ ಹೆಪ್ಪುಗಟ್ಟಿ, ಬೆಳಗಿದ ಸ್ಟೀಲ್ ತಟ್ಟೆಯ ಹಾಗೆ ಹೊಳೆಯುತ್ತಿರುತ್ತದೆ. ಒತ್ತಿದಷ್ಟೂ ತಟ್ಟೆ ನುಣುಪಾಗುತ್ತದೆ.

"ರಿಯರ್ ವೀಲ್ ಡ್ರೈವ್ ಯಾಕ್ರೀ ತಗೊಂಡ್ರಿ, ಮಾರಿಬಿಡಿ" ಎಂಬ ಬುದ್ಧಿಮಾತು ಆಗ ಬಂದೇ ಬರುತ್ತದೆ. ಊರಿಂದ ಬಂದು ಇಲ್ಲಿ ಮೊದಲ ಚಳಿಗಾಲ ಕಾಣುವ ನಮ್ಮವರು ಇದನ್ನು ಕೇಳಿ ಗಾಬರಿಯಾಗುತ್ತಾರೆ. ಟೆಸ್ಲಾ ಮಾಡೆಲ್ 3, ಹ್ಯುಂಡೈ ಅಯಾನಿಕ್ 5ರಂಥ ವಿದ್ಯುತ್ ಕಾರುಗಳ ಅಗ್ಗದ ಮಾದರಿಗಳಲ್ಲಿ ಮೋಟಾರು ಹಿಂದಿನ ಗಾಲಿಗೇ ಇರುವುದರಿಂದ, ಮರೆತೇ ಹೋಗುತ್ತಿದ್ದ ಈ ಪ್ರಶ್ನೆ ಮತ್ತೆ ಮನೆ ಬಾಗಿಲಿಗೆ ಬಂದಿದೆ. ನನ್ನ ಉತ್ತರ: ಮಾರಬೇಡಿ. ಟೈರ್ ಬದಲಿಸಿ, ಕಾಲನ್ನು ಪಳಗಿಸಿ. ವೋಲ್ವೊ 240 ಹಿಂದಿನ ಗಾಲಿಯಿಂದ ಓಡುವ ಕಾರು. 1974ರಿಂದ 1993ರವರೆಗೆ ತಯಾರಾದ ಅದನ್ನು ಸ್ವೀಡನ್ನಿನ ಜನ ತಮ್ಮ ಹಿಮದಲ್ಲೇ ಓಡಿಸಿಕೊಂಡು ಸಂಸಾರ ಮಾಡಿದರು.

ತೊಂದರೆಯ ಮೂಲ ಭಾರದಲ್ಲಿದೆ. ನೆಲವನ್ನು ಎಷ್ಟು ಒತ್ತಿ ಕೂತಿದೆಯೋ ಅಷ್ಟು ಹಿಡಿತ ಗಾಲಿಗೆ. ಎಂಜಿನ್ ಮುಂದಿದ್ದು ಹಿಂದಿನ ಗಾಲಿ ನೂಕಬೇಕಾದ ಕಾರಿನಲ್ಲಿ, ಕೆಲಸ ಮಾಡುವ ಗಾಲಿಯ ಮೇಲೆ ಭಾರ ಕಡಿಮೆ. ಖಾಲಿ ಪಿಕಪ್ ಟ್ರಕ್ಕಿನಲ್ಲಂತೂ ತೀರಾ ಕಡಿಮೆ. ವಿದ್ಯುತ್ ಕಾರಿನಲ್ಲಿ ಬ್ಯಾಟರಿ ನೆಲದುದ್ದಕ್ಕೂ ಹರಡಿಕೊಂಡು, ಮೋಟಾರೂ ಹಿಂದೆಯೇ ಕೂತಿರುವುದರಿಂದ ಈ ಕೊರತೆ ಬಹಳ ಮಟ್ಟಿಗೆ ನೀಗಿದೆ.

ಆದರೆ ಹೊರಡುವುದು ಗಾಲಿಯ ಮೂರು ಕೆಲಸಗಳಲ್ಲಿ ಒಂದು. ತಿರುಗಬೇಕು, ನಿಲ್ಲಲೂಬೇಕು. ಬೇಸಿಗೆಯಲ್ಲಿ ಒಂದೇ ಕೊಡ ನೀರಿನಲ್ಲಿ ಅಡುಗೆ, ಸ್ನಾನ, ಪಾತ್ರೆ ಎಲ್ಲ ತೂಗಿಸಿದ ಮನೆಯವರಿಗೆ ಇದು ಬೇಗ ಅರ್ಥವಾಗುತ್ತದೆ: ಟೈರಿಗೆ ಸಿಗುವ ಹಿಡಿತ ಆ ಒಂದು ಕೊಡ, ಮೂರು ಕೆಲಸವೂ ಅದರಲ್ಲೇ ಆಗಬೇಕು. ಒಣ ಡಾಂಬರಿನ ಮೇಲೆ ಕೊಡ ತುಂಬಿರುತ್ತದೆ. ತುಳಿದು ಗಟ್ಟಿಯಾದ ಹಿಮದ ಮೇಲೆ ಮೂರನೇ ಒಂದು ಭಾಗ ಉಳಿದರೆ ಹೆಚ್ಚು, ಮಂಜುಗಡ್ಡೆಯ ಮೇಲೆ ತಳದಲ್ಲಿ ಒಂದು ಚೊಂಬು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬ್ರೇಕ್ ಹಿಡಿದ ಮೇಲೆ ಒಣ ರಸ್ತೆಯಲ್ಲಿ ಸುಮಾರು 13 ಮೀಟರಿಗೆ ನಿಲ್ಲುವ ಕಾರು, ಗಟ್ಟಿ ಹಿಮದಲ್ಲಿ 40 ಮೀಟರಿನಷ್ಟು, ಮಂಜುಗಡ್ಡೆಯಲ್ಲಿ 100 ಮೀಟರಿನ ಹತ್ತಿರ ಜಾರುತ್ತದೆ. ನಾಲ್ಕೂ ಗಾಲಿ ನೂಕುವ ದುಬಾರಿ ಕಾರಿಗೂ ಈ ದೂರ ಕಡಿಮೆಯಾಗುವುದಿಲ್ಲ. ಅದು ಸಲೀಸಾಗಿ ಹೊರಡುತ್ತದೆ, ಆ ಸಲೀಸನ್ನು ನಂಬಿದವರು ಹಳ್ಳಕ್ಕೆ ಇಳಿದದ್ದನ್ನು ಪ್ರತಿ ಡಿಸೆಂಬರಿನಲ್ಲೂ ನೋಡುತ್ತೇನೆ.

ಹಾಗಾಗಿ ದುಡ್ಡು ಮೊದಲು ಟೈರಿಗೆ ಹೋಗಬೇಕು. ಸಾಮಾನ್ಯ ಟೈರಿನ ರಬ್ಬರ್ ಸುಮಾರು 7 ಡಿಗ್ರಿಗಿಂತ ಕೆಳಗೆ ಬಿರುಸಾಗತೊಡಗುತ್ತದೆ; ಇಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವುದು ಅಪರೂಪವಲ್ಲ. ಚಳಿಗಾಲದ ಟೈರಿನ ರಬ್ಬರ್ ಆ ಚಳಿಯಲ್ಲೂ ಮೆತ್ತಗಿದ್ದು ನೆಲ ಕಚ್ಚುತ್ತದೆ. ಬದಿಯಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳಿನ ಗುರುತು ಇದೆಯೇ ನೋಡಿ. ಬರೀ 'ಎಂ+ಎಸ್' ಅಕ್ಷರ ಸಾಲದು, ಅದಕ್ಕೆ ಹಿಮದ ಮೇಲಿನ ಪರೀಕ್ಷೆಯ ಆಧಾರವಿಲ್ಲ. ಉಳಿತಾಯವೆಂದು ಹಿಂದಿನ ಎರಡಕ್ಕೆ ಮಾತ್ರ ಹಾಕಿಸಬೇಡಿ: ಕಾರು ಚೆನ್ನಾಗಿ ಹೊರಟು, ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದರೂ ನೆಟ್ಟಗೇ ಹೋಗುತ್ತದೆ.

ಡಿಕ್ಕಿಗೆ ಮರಳಿನ ಚೀಲ ಹಾಕುವ ಹಳೆಯ ಪದ್ಧತಿ ಪಿಕಪ್‌ಗಳಿಗೆ ಈಗಲೂ ಸರಿ. ಹಾರ್ಡ್‌ವೇರ್ ಅಂಗಡಿಗಳಲ್ಲಿ 27 ಕೆಜಿಯ ಉದ್ದನೆಯ ಚೀಲಗಳೇ ಸಿಗುತ್ತವೆ. ಎತ್ತಿನ ಗಾಡಿ ಹೇರಿದವರಿಗೆ ಗೊತ್ತು, ಹಿಂದೆ ಭಾರ ಹೆಚ್ಚಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ. ಇಲ್ಲೂ ಅದೇ ಲೆಕ್ಕ. ಚೀಲ ಅಚ್ಚಿನ ನೇರಕ್ಕೇ ಇರಲಿ. ತೀರಾ ಹಿಂದಕ್ಕೆ ಹೋದರೆ ಮುಂದಿನ ಗಾಲಿ ಹಗುರಾಗಿ ಸ್ಟೀರಿಂಗಿನ ಮಾತು ಕೇಳುವುದಿಲ್ಲ. ಚೀಲವನ್ನು ಕಟ್ಟಿಹಾಕಿ.

ಇನ್ನು ಕಾಲಿನ ವಿಷಯ. ಹಿಂದಿನ ಗಾಲಿಯ ಕಾರಿನಲ್ಲಿ ಆಕ್ಸಿಲರೇಟರಿನಿಂದ ಫಕ್ಕನೆ ಕಾಲು ತೆಗೆಯುವುದೂ ಒಂದು ಬ್ರೇಕೇ, ಅದೂ ಹಿಂದಿನ ಗಾಲಿಗೆ ಮಾತ್ರ. ವಿದ್ಯುತ್ ಕಾರಿನಲ್ಲಿ ಕಾಲೆತ್ತಿದ ಕೂಡಲೇ ಮೋಟಾರು ಬ್ಯಾಟರಿಗೆ ಚಾರ್ಜ್ ತುಂಬಲು ಗಾಲಿಯನ್ನು ತಡೆಯುವುದರಿಂದ ಆ ಬ್ರೇಕ್ ಇನ್ನೂ ಬಿರುಸು. ತಿರುವಿನಲ್ಲಿ ಹೀಗಾದರೆ ಹಿಂಭಾಗ ಪಕ್ಕಕ್ಕೆ ಜಾರಿ ಕಾರು ಬುಗುರಿಯಾದೀತು. ಅಮೆರಿಕದಲ್ಲಿ 2012ರ ಮಾದರಿಯಿಂದ ಕಡ್ಡಾಯವಾದ ಸ್ಟೆಬಿಲಿಟಿ ಕಂಟ್ರೋಲ್ ಇದನ್ನು ಬಹುಪಾಲು ಸಂಭಾಳಿಸುತ್ತದೆ. ಆದರೂ ಇಲ್ಲದ ಹಿಡಿತವನ್ನು ಅದು ತಂದುಕೊಡಲಾರದು. ಹಿಮದ ದಿನ ಆ ಚಾರ್ಜಿಂಗ್ ತಡೆಯನ್ನು ತಗ್ಗಿಸುವ ಸೆಟ್ಟಿಂಗ್ ನಿಮ್ಮ ಕಾರಿನಲ್ಲಿದ್ದರೆ ತಗ್ಗಿಸಿ.

ಜಾರಿದಾಗ ಏನು ಮಾಡಬೇಕೆಂದು ಓದಿ ಕಲಿಯಲಾಗದು. ನಾನು ಕಲಿತದ್ದು ಒಂದು ಭಾನುವಾರ ಬೆಳಿಗ್ಗೆ, ಅನುಮತಿ ಕೇಳಿಕೊಂಡು ಹೋದ ಖಾಲಿ ಪಾರ್ಕಿಂಗ್ ಜಾಗದಲ್ಲಿ. ಇಪ್ಪತ್ತರ ವೇಗದಲ್ಲಿ ತಿರುಗಿಸಿ ಆಕ್ಸಿಲರೇಟರ್ ಒತ್ತಿದೆ. ಹಿಂಭಾಗ ಬಲಕ್ಕೆ ಹೊರಟಿತು, ಸೀಟಿನಡಿ ನೆಲವೇ ಸರಿದಂತಾಯಿತು. ಕಾಲು ಬ್ರೇಕಿಗೆ ಹೋಯಿತು, ಕಾರು ಸುತ್ತಿ ಬಂದ ದಾರಿಗೇ ಮುಖ ಮಾಡಿ ನಿಂತಿತು. ನಾಲ್ಕನೆಯ ಸಲ ಬ್ರೇಕ್ ಮುಟ್ಟದೆ, ಕಾಲನ್ನು ಮೆಲ್ಲಗೆ ಸಡಿಲಿಸಿ, ಹಿಂಭಾಗ ಜಾರುವ ಬಲಕ್ಕೇ ಸ್ಟೀರಿಂಗ್ ತಿರುಗಿಸಿದೆ, ಕಣ್ಣು ಮಾತ್ರ ಹೋಗಬೇಕಾದ ಕಡೆಗೆ. ಕಾರು ಒಮ್ಮೆ ತೂಗಿ ನೇರವಾಯಿತು. ಹತ್ತು ಹನ್ನೆರಡು ಸಲ ಮಾಡುವಷ್ಟರಲ್ಲಿ ಕೈ ತಾನೇ ಕಲಿತಿತ್ತು.