ರಸಪ್ರಶ್ನೆಯಲ್ಲಿ ರಸವೆಲ್ಲಿ?

ಇಂಗ್ಲಿಷಿನ ‘ಕ್ವಿಜ್’ ಎಂಬ ಮಾತಿಗೆ ಕನ್ನಡದಲ್ಲಿ ‘ರಸಪ್ರಶ್ನೆ’ ಎಂದು ಹೆಸರಿಟ್ಟವರಿಗೆ ಮೊದಲು ನಮಸ್ಕಾರ ಸಲ್ಲಬೇಕು. ಬರಿಯ ಪ್ರಶ್ನೆ ಎನ್ನದೆ ರಸವನ್ನೂ ಅದಕ್ಕೆ ಬೆಸೆದರಲ್ಲ! ಆದರೆ ನಾಮಕರಣದ ದಿನ ಹಿರಿಯರು ಹರಸಿದಂತೆಯೇ ಮಗು ಬೆಳೆಯಬೇಕೆಂಬ ನಿಯಮವಿಲ್ಲ. ನಮ್ಮ ಶಾಲೆ ಕಾಲೇಜುಗಳಲ್ಲಿ ನಡೆಯುವ ಸ್ಪರ್ಧೆಗಳಲ್ಲಿ ಪ್ರಶ್ನೆಗಳು ಹೇರಳವಾಗಿವೆ. ರಸ ಮಾತ್ರ ಎಲ್ಲಿಯೋ ಸೋರಿಹೋಗಿದೆ. ಹೀಗೆಂದು ದೂರುವ ಮುನ್ನ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳುವುದು ನ್ಯಾಯ.

ಕೆಲವು ವರ್ಷಗಳ ಹಿಂದೆ ಅಂತರಕಾಲೇಜು ಸ್ಪರ್ಧೆಯೊಂದಕ್ಕೆ ತೀರ್ಪುಗಾರರಲ್ಲೊಬ್ಬನಾಗಿ ಹೋಗಿದ್ದೆ. ಸ್ಪರ್ಧೆಯಲ್ಲಿ ನಮ್ಮ ಕಾಲೇಜಿನ ತಂಡವೂ ಇತ್ತು. ಪ್ರಶ್ನೆಗಳೆಲ್ಲ ಇಂಗ್ಲಿಷಿನಲ್ಲಿ ಸಿದ್ಧವಾಗಿದ್ದುವು. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗಾಗಿ ಆಗಿಂದಾಗಲೇ ಅನುವಾದಿಸಿ ಓದುತ್ತಿದ್ದರು. ಪದವಿನೋದದ ಸುತ್ತು ಬಂದಿತು. ‘ಮೊದಲಿನಿಂದ ಓದಿದರೂ ಕೊನೆಯಿಂದ ಓದಿದರೂ ಒಂದೇ ಆಗಿರುವ ಭಾರತೀಯ ಭಾಷೆಯ ಹೆಸರು ಯಾವುದು?’ ನಮ್ಮ ತಂಡದ ಹುಡುಗಿಯೊಬ್ಬಳು, ಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಬರುವವಳು, ಕ್ಷಣ ಯೋಚಿಸಿ, ‘ಅಂಥ ಭಾಷೆ ಇಲ್ಲ, ಸರ್’ ಎಂದಳು. ‘ತಪ್ಪು’ ಎಂದರು. ಪಕ್ಕದ ತಂಡ ‘ಮಲಯಾಳಂ’ ಎಂದಿತು. ಚಪ್ಪಾಳೆ, ಹತ್ತು ಅಂಕ. ಹುಡುಗಿ ತನ್ನ ಹಾಳೆಯ ಮೇಲೆ ಅದನ್ನು ಬರೆದು ನೋಡಿ, ‘ಇದನ್ನು ತಿರುಗಿಸಿದರೆ ಳಂಯಾಲಮ ಆಗುತ್ತದಲ್ಲ, ಸರ್?’ ಎಂದು ಕೇಳಿದಳು. ಸಭೆ ನಕ್ಕಿತು.

ಅವಳು ಹೇಳಿದ್ದು ಸರಿಯೆಂದು ನನಗೆ ಗೊತ್ತಿತ್ತು. ಆದರೆ ನನ್ನದೇ ವಿದ್ಯಾರ್ಥಿನಿಯ ಪರವಾಗಿ ಮಾತನಾಡಿದರೆ ಪಕ್ಷಪಾತವೆನ್ನುವರೆಂದು ಅಂಜಿ ಸುಮ್ಮನೆ ಕುಳಿತೆ. ತಂಡ ಸೋತದ್ದು ದೊಡ್ಡದಲ್ಲ. ಸರಿಯಾಗಿ ಯೋಚಿಸಿದ ಒಂದು ಜೀವ ನಗೆಗೀಡಾಯಿತಲ್ಲ, ಅದು ಇಂದಿಗೂ ನನ್ನನ್ನು ಕುಟುಕುತ್ತಿದೆ.

ರೋಮನ್ ಲಿಪಿಯಲ್ಲಿ ಬರೆದಾಗ ‘ಮಲಯಾಳಂ’ ಹಿಂದುಮುಂದಾದರೂ ಒಂದೇ. ಅಲ್ಲಿ ವ್ಯಂಜನ ಬೇರೆ, ಸ್ವರ ಬೇರೆ. ನಮ್ಮ ಓದಿನ ಅಳತೆ ಅಕ್ಷರ. ಸ್ವರ ವ್ಯಂಜನಗಳು ಅದರಲ್ಲಿ ಒಂದಾಗಿ ಬೆರೆತಿವೆ. ನಮ್ಮ ‘ಕನಕ’ ಎರಡು ಕಡೆಯಿಂದಲೂ ಕನಕವೇ. ಅದನ್ನೇ ರೋಮನ್ ಲಿಪಿಯಲ್ಲಿ ಬರೆದು ತಿರುಗಿಸಿದರೆ ‘ಅಕನಕ್’ ಎಂಬ ವಿಕಾರ ಹುಟ್ಟುತ್ತದೆ. ‘ನವಜೀವನ’, ‘ವಿಕಟಕವಿ’, ಮಕ್ಕಳ ಬಾಯಲ್ಲಿ ನಲಿಯುವ ‘ಕುಬೇರನಿಗೇನಿರಬೇಕು’ ಇವೆಲ್ಲ ಅಕ್ಷರದ ಆಟಗಳೇ. ಪದವಿನೋದದ ಪ್ರಶ್ನೆಯನ್ನು ಭಾಷಾಂತರಿಸುವುದೆಂದರೆ ಗಿಡವನ್ನು ಬೇರು ಬಿಟ್ಟು ಕಿತ್ತು ತಂದಂತೆ. ಅದು ಬಾಡಿದಾಗ ನಾವು ಮಣ್ಣನ್ನು ಬಯ್ಯುತ್ತೇವೆ.

ನಮಗೇನು ಇಂಥ ಆಟದ ಬಡತನವಿತ್ತೆ? ಅಲ್ಲಮನ ಬೆಡಗು, ಕನಕದಾಸರ ಮುಂಡಿಗೆ, ಅಜ್ಜಿಯರ ಒಗಟುಗಳ ನಾಡು ಇದು. ದಂಡಿ ತನ್ನ ಕಾವ್ಯಾದರ್ಶದಲ್ಲಿ ಪ್ರಹೇಲಿಕೆಯ ಹದಿನಾರು ಬಗೆಗಳನ್ನು ಹೇಳಿ, ಅದರ ಪ್ರಯೋಜನವನ್ನೂ ಎಣಿಸಿದ್ದಾನೆ: ಗೋಷ್ಠಿಯ ವಿನೋದಕ್ಕೆ, ಜನಸಂದಣಿಯ ನಡುವೆ ಬಲ್ಲವರು ಗುಟ್ಟು ಮಾತನಾಡುವುದಕ್ಕೆ, ಇನ್ನೊಬ್ಬರನ್ನು ಕಕ್ಕಾಬಿಕ್ಕಿಯಾಗಿಸುವುದಕ್ಕೆ. ಅಲಂಕಾರಶಾಸ್ತ್ರದ ಈ ಮಾತು ನಮ್ಮ ಸ್ಪರ್ಧೆಗಳಿಗೂ ಒಪ್ಪುತ್ತದೆ. ಮೊದಲನೆಯ ಪ್ರಯೋಜನವನ್ನು ಮರೆತು, ಉಳಿದೆರಡನ್ನು ನಾವು ಭದ್ರವಾಗಿ ಹಿಡಿದುಕೊಂಡಿದ್ದೇವೆ.

ಗಣಿತದ ಪ್ರಶ್ನೆಗಳನ್ನೇ ನೋಡಿ. ‘ಕಾಪ್ರೇಕರ್ ಸ್ಥಿರಾಂಕ ಯಾವುದು?’ ಎಂದು ಕೇಳುತ್ತಾರೆ, ‘6174’ ಎಂದು ಉತ್ತರ ಬರುತ್ತದೆ, ಕಥೆ ಮುಗಿಯಿತು. ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಮಾಸ್ತರರಾಗಿದ್ದವರು. ಅವರು ಕಂಡದ್ದನ್ನು ಹೀಗೆ ಕೇಳಬಹುದಲ್ಲ: ನಾಲ್ಕೂ ಅಂಕಿಗಳು ಒಂದೇ ಆಗಿರದ ಯಾವುದಾದರೂ ನಾಲ್ಕಂಕಿಯ ಸಂಖ್ಯೆಯನ್ನು ತೆಗೆದುಕೊಳ್ಳಿ. ಅದರ ಅಂಕಿಗಳಿಂದಾಗುವ ಅತಿ ದೊಡ್ಡ ಸಂಖ್ಯೆಯಿಂದ ಅತಿ ಚಿಕ್ಕದನ್ನು ಕಳೆಯಿರಿ, ಬಂದುದಕ್ಕೆ ಮತ್ತೆ ಹಾಗೆಯೇ ಮಾಡಿ, ಎಲ್ಲಿ ನಿಲ್ಲುತ್ತೀರಿ? 3524 ಎಂದುಕೊಂಡರೆ, 5432ರಿಂದ 2345 ಕಳೆದು 3087. 8730ರಿಂದ 0378 ಕಳೆದು 8352. 8532ರಿಂದ 2358 ಕಳೆದು 6174. ಮುಂದೆ ಎಷ್ಟು ಕಳೆದರೂ ಅದೇ. ಏಳು ಹೆಜ್ಜೆಯೊಳಗೆ ಎಲ್ಲರೂ ಅಲ್ಲಿಗೇ ಬಂದು ಸೇರುತ್ತಾರೆ. ಹೀಗೆ ಕೇಳಿದಾಗ ಉತ್ತರ ತಿಳಿದಿಲ್ಲದ ಹುಡುಗನೂ ಪೆನ್ಸಿಲ್ ಹಿಡಿಯುತ್ತಾನೆ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಗಣಿತಸಾರಸಂಗ್ರಹವನ್ನು ಬರೆದ ಮಹಾವೀರಾಚಾರ್ಯ ಎರಡು ಕಡೆಯಿಂದಲೂ ಒಂದೇ ಆಗಿರುವ ಗುಣಲಬ್ಧಗಳನ್ನು ಕೊರಳ ಹಾರಕ್ಕೆ ಹೋಲಿಸಿದ. 142857143ನ್ನು 7ರಿಂದ ಗುಣಿಸಿ ನೋಡಿ: 1000000001, ಎರಡು ಮಣಿಗಳ ನಡುವೆ ಎಂಟು ಸೊನ್ನೆಗಳ ಸರ. ಈ ಹಾರ ಲಿಪಿ ಬದಲಾದರೂ ಬಾಡುವುದಿಲ್ಲ.

ಚಿತ್ರಕಥೆಗಳನ್ನು ಗಂಭೀರರು ಕಡೆಗಣಿಸುವುದುಂಟು, ನಾನು ಕಡೆಗಣಿಸಲಾರೆ. 1967ರಲ್ಲಿ ದಿಲ್ಲಿ ದೂರದರ್ಶನದ ಒಂದು ರಸಪ್ರಶ್ನೆಯಲ್ಲಿ ಗ್ರೀಕ್ ಪುರಾಣವನ್ನು ಬಲ್ಲ ಮಕ್ಕಳು ರಾಮನ ತಾಯಿಯ ಹೆಸರು ಹೇಳಲಾರದೆ ಹೋದರೆಂದೂ, ಅಮರ ಚಿತ್ರಕಥೆಗೆ ಅದೇ ಪ್ರೇರಣೆಯೆಂದೂ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಹೇಳುತ್ತಿದ್ದರು. ನಮ್ಮ ಮಕ್ಕಳಿಗೆ ಏನೂ ಗೊತ್ತಿಲ್ಲವೆಂದು ಹಲುಬುವವರಿಗೆ ಈ ಪ್ರಸಂಗ ಬಹಳ ಪ್ರಿಯ. ನನಗೆ ಇನ್ನೊಂದು ಪ್ರಶ್ನೆ ಹೆಚ್ಚು ರುಚಿಸುತ್ತದೆ: ಆ ಮಾಲೆಯ ಇಂಗ್ಲಿಷ್ ಸಂಚಿಕೆಗಳು ‘ಕೃಷ್ಣ’ದಿಂದ ಆರಂಭವಾದುವು, ಆದರೆ ಅದರ ಸಂಖ್ಯೆ 11. ಒಂದರಿಂದ ಹತ್ತು ಎಲ್ಲಿ ಹೋದುವು? ಅವು ಕನ್ನಡದಲ್ಲಿದ್ದುವು. 1965ರಲ್ಲಿ ಬೆಂಗಳೂರಿನ ಜಿ. ಕೆ. ಅನಂತರಾಮ್ ಅವರ ಉತ್ಸಾಹದಿಂದ ಹೊರಬಂದ ಆ ಪುಸ್ತಕಗಳಲ್ಲಿದ್ದುದು ಸಿಂಡರೆಲಾ ಮೊದಲಾದ ಹೊರನಾಡಿನ ಕಥೆಗಳು! ಒಂದು ಅಂಕಿಯ ಬಾಗಿಲು ತೆರೆದರೆ ಒಳಗೆ ಇಷ್ಟೊಂದು ಚರಿತ್ರೆ.

ಆಟಗಳ ಮಾತೂ ಹೀಗೆಯೇ. ‘ಕಂಬಳ ಯಾವ ಪ್ರದೇಶದ ಕ್ರೀಡೆ?’ ಎಂಬುದು ಕಂಠಪಾಠದ ಪ್ರಶ್ನೆ. ‘ವೇಗದಿಂದಲ್ಲ, ನೀರು ಎಷ್ಟು ಎತ್ತರ ಚಿಮ್ಮಿತೆಂಬುದರಿಂದ ಗೆಲುವು ನಿರ್ಧಾರವಾಗುವ ಓಟ ಯಾವುದು?’ ಎಂದು ಕೇಳಿ ನೋಡಿ. ಕೆಸರುಗದ್ದೆ, ಕೋಣಗಳ ಜೋಡಿ, ಹಲಗೆಯ ಮೇಲೆ ನಿಂತ ಓಟಗಾರ, ಅದರ ತೂತಿನಿಂದ ಚಿಮ್ಮುವ ನೀರು, ಮೇಲೆ ಕಟ್ಟಿದ ನಿಶಾನೆಯ ಬಟ್ಟೆ, ಕನೆಹಲಗೆಯ ಇಡೀ ಚಿತ್ರ ಕಣ್ಣಮುಂದೆ ಕಟ್ಟುತ್ತದೆ. ಕರಾವಳಿಯ ಹುಡುಗ ಹೆಮ್ಮೆಯಿಂದ ಉತ್ತರಿಸುತ್ತಾನೆ; ಬಯಲುಸೀಮೆಯ ಹುಡುಗ ಊಹಿಸಲು ಯತ್ನಿಸುತ್ತಾನೆ.

ನೆನಪಿನ ಶಕ್ತಿಯೇನು ಕೀಳೆ ಎಂದು ಕೇಳುವವರಿದ್ದಾರೆ. ಕೀಳಲ್ಲ. ಏನೂ ನೆನಪಿಲ್ಲದ ತಲೆ ಯಾವುದರಿಂದ ಯೋಚಿಸೀತು? ಆದರೆ ನೆನಪು ಕಣಜ. ಕಣಜದ ಕಾಳನ್ನು ಎಣಿಸುತ್ತ ಕುಳಿತರೆ ಅಡಿಗೆಯಾಗುವುದಿಲ್ಲ. ಕಲ್ಕತ್ತೆಯಲ್ಲಿ ನೀಲ್ ಓಬ್ರಿಯನ್ ಅವರು 1967ರಲ್ಲಿ ಆರಂಭಿಸಿದ ಸಾರ್ವಜನಿಕ ಸ್ಪರ್ಧೆಯಾಗಲಿ, 1983ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಆಗಲಿ ಈ ಆಟಕ್ಕೆ ಘನತೆ ತಂದುವು. ಆದರೆ ಅದರ ನುಡಿ ಬಹುಮಟ್ಟಿಗೆ ಇಂಗ್ಲಿಷೇ ಆಯಿತು. ಕನ್ನಡದಲ್ಲಿಯೂ ಇದು ಸಾಧ್ಯವೆಂಬುದನ್ನು 2002ರಲ್ಲಿ ದೂರದರ್ಶನದ ಚಂದನದಲ್ಲಿ ತೊಡಗಿದ ‘ಥಟ್ ಅಂತ ಹೇಳಿ’ ತೋರಿಸಿಕೊಟ್ಟಿತು. ಡಾ. ನಾ. ಸೋಮೇಶ್ವರ ಅವರು ಸರಿಯುತ್ತರಕ್ಕೆ ಪುಸ್ತಕವನ್ನು ಬಹುಮಾನವಾಗಿ ಕೊಟ್ಟರು. ಉತ್ತರ ಹೇಳಿದವನನ್ನು ಮರಳಿ ಓದಿಗೇ ಕಳುಹಿಸುವ ಈ ಕ್ರಮ ನನಗೆ ಬಹಳ ಮೆಚ್ಚಿಗೆಯಾದುದು.

ಅಧ್ಯಾಪಕ ಬಂಧುಗಳಲ್ಲಿ ನನ್ನ ಬಿನ್ನಹ ಇಷ್ಟೇ. ಪ್ರಶ್ನೆಗಳನ್ನು ಕನ್ನಡಕ್ಕೆ ಅನುವಾದಿಸಬೇಡಿ, ಕನ್ನಡದಲ್ಲಿಯೇ ಹುಟ್ಟಿಸಿ. ಉತ್ತರ ತಿಳಿಯದವನೂ ದಾರಿ ಹುಡುಕಬಹುದಾದ ಪ್ರಶ್ನೆಯನ್ನು ಕೇಳಿ. ಮಗು ‘ಇಲ್ಲ’ ಎಂದರೆ ಏಕೆಂದು ವಿಚಾರಿಸಿ. ತೀರ್ಪುಗಾರರಾಗಿ ಕುಳಿತಾಗ ಬಾಯಿ ತೆರೆಯಬೇಕಾದಲ್ಲಿ ತೆರೆಯಿರಿ. ಇದು ಅನುಭವಸ್ಥನ ಮಾತು.

ಆ ಸ್ಪರ್ಧೆ ಮುಗಿದ ಮರುದಿನವೇ ತರಗತಿಯಲ್ಲಿ ಎಲ್ಲರೆದುರು, ‘ನಿನ್ನೆ ನೀನು ಹೇಳಿದ್ದೇ ಸರಿಯಮ್ಮ, ನಾನು ಸುಮ್ಮನಿದ್ದುದು ತಪ್ಪು’ ಎಂದೆ. ಅವಳು ತಲೆ ತಗ್ಗಿಸಿ ನಕ್ಕಳು. ವಾರ ಕಳೆದ ಮೇಲೆ ನಮ್ಮ ಕೊಠಡಿಯ ಬಾಗಿಲಲ್ಲಿ ನಿಂತು, ‘ಸರ್, ನಾನು ಹೇಳಿದ್ದೂ ತಪ್ಪು’ ಎಂದಳು. ಗ್ರಂಥಾಲಯದಲ್ಲಿ ಭಾರತೀಯ ಭಾಷೆಗಳ ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ನೋಡಿದ್ದಳಂತೆ. ಝಾರ್ಖಂಡ ಒಡಿಶಾಗಳ ಕಡೆ ಮಾತನಾಡುವ ಮುಂಡಾ ಬಳಗದ ಒಂದು ಭಾಷೆಯಿದೆ. ಅದರ ಹೆಸರು ‘ಹೋ’. ಒಂದೇ ಅಕ್ಷರ, ಯಾವ ಕಡೆಯಿಂದ ಓದಿದರೂ ಹೋ.

ಅಂಕ ಕೊಡುವವರು ಯಾರೂ ಅಲ್ಲಿರಲಿಲ್ಲ. ಆದರೆ ಅವಳ ಮುಖದಲ್ಲಿ ಅಂದು ಕಂಡದ್ದು ರಸವಲ್ಲದೆ ಮತ್ತೇನು?