ಇಳಿವಯಸ್ಸಿನ ಜೂಜು: ಮುಚ್ಚಿಡದೆ ಚಿಕಿತ್ಸೆ ಕೊಡಿಸೋಣ

ಕರ್ನಾಟಕವು 2007ರಲ್ಲಿ ಲಾಟರಿಯನ್ನು ನಿಷೇಧಿಸಿತು. ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆಯಿತ್ತಿತು. ಆದರೂ 1960ರ ದಶಕದಲ್ಲಿ ಮುಂಬಯಿಯಲ್ಲಿ ಬೇರೂರಿದ ಮಟ್ಕಾ ನಮ್ಮ ಭಾಗದಿಂದ ಇನ್ನೂ ತೊಲಗಿಲ್ಲ.

ಭಂಕೂರ, ಶಹಾಬಾದ, ವಾಡಿಗಳ ಕಲ್ಲುಗಣಿ, ಸಿಮೆಂಟ್ ಕಾರ್ಖಾನೆಗಳಲ್ಲಿ ಬೆವರು ಸುರಿಸಿ ನಿವೃತ್ತರಾದ ಹಿರಿಯರಿಗೆ ಬಿಡುವೂ ಉಂಟು, ಒಂಟಿತನವೂ ಉಂಟು. ಜೂಜಿಗೆ ಬಿದ್ದವರನ್ನು ಕಳೆದುದನ್ನು ಮರಳಿ ಗಳಿಸುವ ಆಸೆಯೇ ಸಾಲಕ್ಕೆ ನೂಕುತ್ತದೆ. ಯುವಕರು ದುಡಿದು ತೀರಿಸಿಯಾರು; ವೃದ್ಧರು ಕಳೆದ ಭವಿಷ್ಯನಿಧಿ ಮರಳಿ ಬಾರದು.

ತನಗೂ ಪರರಿಗೂ ಅಗತ್ಯವಾದುದನ್ನು ಜೂಜು ಕಸಿದುಕೊಂಡಾಗ ಅದು ನೀತಿಬಾಹಿರವೆಂದೂ, ಅದರ ಗೀಳು ದಾಸ್ಯವಾಗಬಲ್ಲದೆಂದೂ 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಎಚ್ಚರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯೂ ಈ ಗೀಳನ್ನು ರೋಗಗಳ ಪಟ್ಟಿಯಲ್ಲಿ ಸೇರಿಸಿದೆ.

ಆದುದರಿಂದ ಮಾನಕ್ಕಂಜಿ ಮುಚ್ಚಿಡುವುದಾಗಲಿ, ಗುಟ್ಟಾಗಿ ಸಾಲ ತೀರಿಸುತ್ತ ಹೋಗುವುದಾಗಲಿ ಪರಿಹಾರವಾಗದೆಂದು ನಾವು ಭಾವಿಸುತ್ತೇವೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೆನ್ನದೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಸಲಹೆ ಪಡೆಯಬಹುದು. ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗಳಲ್ಲಿ ಮನೋವೈದ್ಯರ ಚಿಕಿತ್ಸೆಯುಂಟು.

ಪಾಪನಿವೇದನೆ ಆತ್ಮಕ್ಕೆ ಶಾಂತಿಯನ್ನೀಯುತ್ತದೆ. ವೈದ್ಯರ ಬಳಿಗೆ ಹೋಗುವುದು ಅದಕ್ಕೆ ವಿರೋಧವೇನೂ ಅಲ್ಲ. ತಂದೆತಾಯಿಯರನ್ನು ಗೌರವಿಸಬೇಕೆಂಬ ನಾಲ್ಕನೆಯ ಕಟ್ಟಳೆಯನ್ನು ಬಾಲ್ಯದಿಂದಲೂ ಕಲಿತ ನಾವು, ಗೀಳಿಗೆ ಸಿಕ್ಕಿದ ಹಿರಿಯರನ್ನು ಹಂಗಿಸದೆ ಕೈಹಿಡಿದು ಚಿಕಿತ್ಸೆಗೆ ಕರೆದೊಯ್ದಾಗ ಆ ಕಟ್ಟಳೆಯನ್ನೇ ಪಾಲಿಸುತ್ತೇವೆ.